ಎರಡು ಪಾಟೀಚೀಲ

ಹೊರಡುವ ಹಿಂದಿನ ರಾತ್ರಿ ಎಷ್ಟು ಹೊತ್ತಾದರೂ ತೂಕದ ಲೆಕ್ಕ ಮುಗಿಯಲಿಲ್ಲ. ಒಬ್ಬೊಬ್ಬರಿಗೆ 23 ಕಿಲೊ. ಅಕ್ಕನಿಗೆಂದು ಕುಚ್ಚಲಕ್ಕಿ, ಹಲಸಿನ ಹಪ್ಪಳ, ಪುನರ್ಪುಳಿ ಸಿಪ್ಪೆ. ಬೆಟಗೇರಿಯಿಂದ ಅತ್ತೆ ಕಳಿಸಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮನೆಯವರ ಬಿಳಿ ನಿಲುವಂಗಿ, ಸತ್ಯವೇದ, ಪ್ರಸಂಗದ ಟಿಪ್ಪಣಿಗಳು. ಇಷ್ಟರ ಮೇಲೆ ಏಳನೇ ತರಗತಿಯ ಮಗಳದೂ ಮೂರನೇ ತರಗತಿಯ ಮಗನದೂ ಪುಸ್ತಕಗಳು, ಒಟ್ಟು ಒಂಬತ್ತು ಕಿಲೊ. ಏನಾದರೂ ತೆಗೆಯಲೇಬೇಕಿತ್ತು. ಅಕ್ಕಿ ತೆಗೆದೆವು. "ಪಾಟೀಚೀಲ ಎರಡೂ ಬರಲಿ" ಎಂದರು ನಮ್ಮನೆಯವರು. ಮಂಗಳೂರಿಗೆ ಬಂದು ಹದಿನಾರು ವರ್ಷವಾದರೂ ಸ್ಕೂಲ್ ಬ್ಯಾಗಿಗೆ ಅವರು ಅನ್ನುವುದು ಪಾಟೀಚೀಲವೆಂದೇ.

ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದ ಸಭೆಗಳಿಗೂ ನಮ್ಮ ದಕ್ಷಿಣ ಭಾರತ ಸಭೆಗೂ ಬಹಳ ಹಿಂದಿನಿಂದ ಒಡನಾಟವಿದೆ. ಆ ನಂಟಿನಲ್ಲೇ ನಮಗೆ ಕರೆ ಬಂದಿತ್ತು: ಮೇ ತಿಂಗಳಿನಿಂದ ಜುಲೈ ಕೊನೆಯವರೆಗೆ 88 ದಿನ, ಊರಿಂದೂರಿಗೆ ಆರಾಧನೆ, ಯುವಕರ ಕೂಟ, ಸ್ತ್ರೀಯರ ಸಭೆ. "ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ, ಮೂರು ತಿಂಗಳು ತಾನೇ" ಎಂದು ಸಭೆಯ ಹಿರಿಯರು ಪ್ರೀತಿಯಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಯಾಕೆಂದು ಆಗ ಯಾರಿಗೂ ಬಿಡಿಸಿ ಹೇಳಲಿಲ್ಲ. ಮಕ್ಕಳ ಟಿಕೆಟಿಗೆ ನನ್ನ ಚೀಟಿ ಎತ್ತಿದೆ. ಶಾಲೆಯ ಮುಖ್ಯೋಪಾಧ್ಯಾಯಿನಿ, "ಜೂನ್, ಜುಲೈ ಪಾಠ ನೀವೇ ಮಾಡಿಸಿ. ದಿನಕ್ಕೊಂದು ಪುಟ ಬರೆಯಲಿ. ಬಂದ ವಾರದಲ್ಲೇ ಕಿರುಪರೀಕ್ಷೆಗೆ ಕೂರಬೇಕು" ಎಂಬ ಷರತ್ತಿನ ಮೇಲೆ ಒಪ್ಪಿಕೊಂಡರು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ರೈಲಿನಲ್ಲಿ ಸ್ಟುಟ್‌ಗಾರ್ಟ್. ನಿಲ್ದಾಣದಲ್ಲಿ ಅಕ್ಕ ನಿಂತಿದ್ದಳು, ಪಕ್ಕದಲ್ಲಿ ಅವಳಷ್ಟೇ ಎತ್ತರದ ಹುಡುಗ. ಹನ್ನೆರಡು ವರ್ಷ. ನನ್ನ ಕೈ ಕುಲುಕಿ "ಹಲೋ" ಎಂದ.

ಆ ಹುಡುಗನಿಗೆ ಮೂರರಿಂದ ಐದು ವರ್ಷವಾಗುವವರೆಗೆ ಸ್ನಾನ ಮಾಡಿಸಿದವಳು ನಾನು. ಅಕ್ಕ ನರ್ಸ್ ಕೆಲಸಕ್ಕೆ ಇಲ್ಲಿಗೆ ಬಂದಾಗ ಭಾಷೆ ಕಲಿಯಬೇಕಿತ್ತು, ಪರೀಕ್ಷೆ ಪಾಸಾಗಬೇಕಿತ್ತು, ರಾತ್ರಿ ಪಾಳಿ ಬೇರೆ. ಮಗುವನ್ನು ಅಮ್ಮನ ಹತ್ತಿರ, ನನ್ನ ಹತ್ತಿರ ಬಿಟ್ಟು ಬಂದಿದ್ದಳು. ರಾತ್ರಿ ಮಲಗುವಾಗ ಅವನದು ತುಳುವಿನಲ್ಲಿ ಒಂದೇ ಪ್ರಶ್ನೆ: "ಅಮ್ಮ ಏಪ ಬರ್ಪೆರ್?" ಅಮ್ಮ ಯಾವಾಗ ಬರ್ತಾರೆ? ವೀಡಿಯೊ ಕರೆ ಬಂದರೆ ಕಪಾಟಿನ ಹಿಂದೆ ಅಡಗುತ್ತಿದ್ದ. ಎರಡು ವರ್ಷದ ಮೇಲೆ ಅಕ್ಕ ಕರೆದುಕೊಂಡು ಹೋಗಲು ಬಂದಾಗ ಅಜ್ಜಿಯ ಸೆರಗು ಹಿಡಿದು, ಹೆತ್ತವಳನ್ನು "ಆಂಟಿ" ಎಂದ. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಈಗ ಅವನಿಗೆ ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲಿ.

ನಮ್ಮ ಶಾಲೆ ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ಶುರುವಾಯಿತು. ಬೆಳಗ್ಗೆ ಎಂಟಕ್ಕೆ ಪ್ರಾರ್ಥನೆ, ಆಮೇಲೆ ಗಣಿತ, ಕನ್ನಡ, ವಿಜ್ಞಾನ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಇದನ್ನು ನೋಡಿ ಗಾಬರಿಗೊಂಡರು. ಆ ದೇಶದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದಕ್ಕೆ ಕಾನೂನು ಒಪ್ಪುವುದಿಲ್ಲ. ನಾವು ಅಲ್ಲಿ ನೆಲೆಸಲು ಬಂದವರಲ್ಲ, ಬಂದು ಹೋಗುವ ನೆಂಟರು ಎಂದು ಅಕ್ಕ ವಿವರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಮರುದಿನ ತಾವೇ ಬಂದು ಮಗಳಿಗೆ ಜ್ಯಾಮಿತಿ ಹೇಳಿಕೊಟ್ಟರು. ಕೋನಮಾಪಕಕ್ಕೆ ಭಾಷೆಯ ಹಂಗಿಲ್ಲ.

ಮಗನಿಗೆ ದಶಕ ತಂದು ಕಳೆಯುವ ಲೆಕ್ಕ ಹತ್ತುತ್ತಿರಲಿಲ್ಲ. ಹತ್ತು ದಿನ ನಾನು ಸಿಟ್ಟು ಮಾಡಿದ್ದೇ ಬಂತು. ದಾರಿ ತೋರಿಸಿದ್ದು ಖಾಲಿ ಬಾಟಲಿಗಳು. ಅಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಹೆಚ್ಚು ಕೊಟ್ಟಿರುತ್ತೇವೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಹಾಕಿದರೆ ಆ ದುಡ್ಡು ವಾಪಸು. ಹದಿನೇಳು ಬಾಟಲಿಗೆ 4 ಯೂರೊ 25 ಸೆಂಟ್. ಅದರಲ್ಲಿ 1 ಯೂರೊ 80ರ ಬ್ರೆಟ್ಸೆಲ್ ಕೊಂಡರೆ ಉಳಿದದ್ದೆಷ್ಟು? ಒಂದು ಯೂರೊ ಮುರಿಸಿ ಸೆಂಟ್ ಮಾಡಿಕೊಳ್ಳದೆ ಆ ಲೆಕ್ಕ ಆಗುವುದಿಲ್ಲ. ಮುರಿಸುವುದು ಏನೆಂದು ಅವನ ಅಂಗೈಯಲ್ಲಿ ನಾಣ್ಯ ಬಿದ್ದ ದಿನ ಅರ್ಥವಾಯಿತು. ಆಮೇಲೆ ನೋಟುಪುಸ್ತಕದ ಲೆಕ್ಕವೆಲ್ಲ ಸರಸರ.

ಭಾನುವಾರಗಳು ಸೇವೆಗೆ. ಬ್ರಾಕನ್‌ಹೈಮ್ ಎಂಬ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ. 1811ರಲ್ಲಿ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಅಲ್ಲಿ. ಅಲ್ಲಿಗೆ ಹತ್ತಿರದ ಹಳ್ಳಿಯೊಂದರ ದೇವಾಲಯದಲ್ಲಿ ಆರ್ಗನ್ ಗಂಭೀರವಾಗಿ ಮೊಳಗಿತು. ಆದರೆ ಬೆಂಚುಗಳಲ್ಲಿ ಇದ್ದವರು ಮೂವತ್ತು ಜನ, ಹೆಚ್ಚಿನವರು ಮುದುಕರು. ನಮ್ಮನೆಯವರು ಪ್ರಸಂಗದ ನಡುವೆ ಹೇಳಿದರು: ನಿಮ್ಮ ನೆರೆಯೂರಿನಲ್ಲಿ ಹುಟ್ಟಿದ ಮನುಷ್ಯ 1843ರ ಜುಲೈಯಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆ ಅದು, ನಮ್ಮಲ್ಲಿ ಅದು ಹೊರಟ ದಿನವನ್ನು ಈಗಲೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಅನುವಾದ ಮುಗಿಯುತ್ತಿದ್ದಂತೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರಾಧನೆಯ ನಂತರ ಕಾಫಿ ಕುಡಿಯುವಾಗ ಒಬ್ಬ ಅಜ್ಜ ಮಗಳ ನೋಟುಪುಸ್ತಕದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು, ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಬೆಂಚು ತುಂಬಿತ್ತೋ ಇಲ್ಲವೋ ಎಂಬ ಬೇಸರ ಅಲ್ಲಿಗೆ ಹೋಯಿತು.

ಟ್ಯೂಬಿಂಗನ್‌ನಲ್ಲಿ ಕಳೆದದ್ದು ಒಂದೇ ದಿನ. ಎಪ್ಪತ್ತು ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟ ಕಿಟ್ಟೆಲ್ಲರಿಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯ ಅಲ್ಲಿದೆ. 1903ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ನೆಕ್ಕರ್ ನದಿಯ ದಂಡೆಯಲ್ಲಿ ಕೂತು ಮಗಳು ಆ ದಿನದ ಪುಟ ಬರೆದಳು.

ಕಾಲ್ವ್‌ಗೆ ಹೋದ ದಿನ ಅಕ್ಕ ರಜೆ ಹಾಕಿದ್ದಳು. ವೈಲ್ ಡೆರ್ ಶ್ಟಾಟ್ ತನಕ ರೈಲು. 1571ರಲ್ಲಿ ಕೆಪ್ಲರ್ ಹುಟ್ಟಿದ ಊರು ಅದು. ಚೌಕದಲ್ಲಿ ಅವನ ಪ್ರತಿಮೆಯ ಕೆಳಗೆ ಮಕ್ಕಳಿಗೆ ಗ್ರಹಗಳ ದೀರ್ಘವೃತ್ತದ ಪಾಠವಾಯಿತು. ಅಲ್ಲಿಂದ ಬಸ್ಸು ಕಾಡಿನ ಇಳಿಜಾರಿನಲ್ಲಿ ಇಳಿದು ನಾಗೋಲ್ಡ್ ಹೊಳೆಯ ಹತ್ತಿರ ಬಿಟ್ಟಿತು. ಚೌಕದ ಒಂದು ಮರದ ಚೌಕಟ್ಟಿನ ಮನೆಯಲ್ಲಿ 1877ರ ಜುಲೈ 2ರಂದು ಸಾಹಿತಿ ಹರ್ಮನ್ ಹೆಸ್ಸೆ ಹುಟ್ಟಿದ್ದು. ಪ್ರವಾಸಿಗಳು ಅದರ ಫೋಟೊ ತೆಗೆಯುತ್ತಿದ್ದರು. ನಾನು ಬಂದದ್ದು ಅವನ ತಾಯಿಗಾಗಿ.

ಆ ತಾಯಿ, ಮರೀ ಗುಂಡರ್ಟ್, ಹುಟ್ಟಿದ್ದು 1842ರಲ್ಲಿ, ನಮ್ಮ ಮಂಗಳೂರಿನಿಂದ ರೈಲಿನಲ್ಲಿ ಮೂರು ತಾಸು ದೂರದ ತಲಶ್ಶೇರಿಯಲ್ಲಿ. ತಂದೆ ಹರ್ಮನ್ ಗುಂಡರ್ಟ್, ಮಲಯಾಳ ನಿಘಂಟು ಬರೆದವರು. ಅದು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ನಮ್ಮ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ. ತಾಯಿ ಜೂಲಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಮರೀಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಮಗಳು ಮತ್ತೆ ಭಾರತ ನೋಡಿದ್ದು 1857ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಸುಯೆಜ್ ಕಾಲುವೆ ಕೂಡ ಇಲ್ಲದ ಕಾಲ, ಪತ್ರ ಮುಟ್ಟುವುದಕ್ಕೇ ಎಷ್ಟೋ ವಾರ. ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ತಾಯಿಗೆ ತನ್ನ ಮಗಳ ಮೊದಲ ಅಕ್ಷರ ಸಿಕ್ಕಿದ್ದು ಲಕೋಟೆಯಲ್ಲಿ.

ಇದು ಒಂದು ಮನೆಯ ಕಥೆಯಲ್ಲ. 1850ರ ದಶಕದಲ್ಲಿ ಬಾಸೆಲ್ ಮಿಶನ್ ತನ್ನ ಮಿಶನರಿಗಳ ಮಕ್ಕಳಿಗಾಗಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆಯಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಅಲ್ಲಿಗೆ ಕಳಿಸಬೇಕೆಂಬುದೇ ನಿಯಮವಾಯಿತು. ಕಾರಣಗಳು ಇಲ್ಲವೆಂದಲ್ಲ. ಜ್ವರ, ವಾಂತಿಭೇದಿಗಳಿಗೆ ಮಕ್ಕಳು ಸಾಯುತ್ತಿದ್ದ ಕಾಲ ಅದು. ನಮ್ಮ ಕರಾವಳಿಯ ಹಳೆಯ ಸಮಾಧಿಗಳಲ್ಲಿ ಎಷ್ಟೋ ಚಿಕ್ಕವು. ಆದರೆ ಮಕ್ಕಳು ನಮ್ಮವರ ಜೊತೆ ಬೆರೆತು ನಮ್ಮಂತಾದಾರು ಎಂಬ ಹೆದರಿಕೆಯೂ ಅದರಲ್ಲಿ ಸೇರಿತ್ತು. ಆ ಮಿಶನ್ನಿನ ಶಾಲೆಯಲ್ಲೇ ನನ್ನ ಮುತ್ತಜ್ಜಿ ಓದು ಕಲಿತಳು. ಆ ಋಣ ನನಗೆ ಗೊತ್ತು. ಆದರೂ ಈ ನಿಯಮ ಮಾಡಿದವರನ್ನು ಒಪ್ಪಿಕೊಳ್ಳಲು ನನ್ನಿಂದಾಗುವುದಿಲ್ಲ.

ಹೊಳೆಯ ಸೇತುವೆಯ ಮೇಲೆ ಇದನ್ನೆಲ್ಲ ಅಕ್ಕನಿಗೆ ಹೇಳುತ್ತಾ, "ತಾಯಿಯಾದವಳು ಹೇಗೆ ಬಿಟ್ಟು ಹಡಗು ಹತ್ತಿದಳೋ" ಎಂದುಬಿಟ್ಟೆ. ಬಾಯಿಂದ ಮಾತು ಬಿದ್ದ ಮೇಲೆ ಗೊತ್ತಾಯಿತು. ಅಕ್ಕ ನೀರನ್ನೇ ನೋಡುತ್ತಿದ್ದಳು.

"ಕಾಲು ಎಳೆದುಕೊಂಡೇ ಹತ್ತುವುದು" ಎಂದಳು. "ಹತ್ತಿದ ಮೇಲೆ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವುದು. ನಾನು ಹಾಗೇ ಮಾಡಿದ್ದು."

ನಾನು ಅವಳ ಕೈ ಹಿಡಿದುಕೊಂಡೆ. ಮಕ್ಕಳನ್ನು ಜೊತೆಗೆ ಕರೆದುಕೊಂಡೇ ಬರುತ್ತೇನೆಂದು ಹಟ ಹಿಡಿದದ್ದು ಯಾಕೆಂದು ಅಲ್ಲೇ ಹೇಳಿದೆ. "ಗೊತ್ತಿತ್ತು" ಎಂದಳು.

ಜೂನ್ ಕೊನೆಯಲ್ಲಿ ಎಸ್ಲಿಂಗನ್ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಹೋದೆವು. ಗದಗ-ಬೆಟಗೇರಿಯಲ್ಲಿ ಇವತ್ತಿಗೂ ಜನ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಸೂಲಗಿತ್ತಿಯಾಗಿದ್ದ ತಾಯಿಯೊಬ್ಬರು ಅಲ್ಲಿದ್ದಾರೆ. ಎಂಬತ್ತೊಂಬತ್ತು ವರ್ಷ. ನಮ್ಮ ಅತ್ತೆ ಅವರ ಕೈಕೆಳಗೆ ನರ್ಸ್ ಆಗಿದ್ದವರು. ನಮ್ಮನೆಯವರು ಹುಟ್ಟಿದ್ದೂ ಅವರ ಕೈಯಲ್ಲೇ. ಬಾಗಿಲು ಬಡಿದಾಗ ಒಳಗಿನಿಂದ ಬಂದ ದನಿ ಬೆಟಗೇರಿಯ ಓಣಿಯದು: "ಬರ್ರಿ, ಒಳಗ ಬರ್ರಿ. ಹೊರಗ ಯಾಕ ನಿಂತೀರಿ?"

ನಲವತ್ತು ವರ್ಷ ಆಡದೆ ಇಟ್ಟ ಭಾಷೆ. ಮಾತು ಅಲ್ಲಲ್ಲಿ ತಡವರಿಸುತ್ತಿತ್ತು, ಧಾಟಿ ಮಾತ್ರ ಹಾಗೇ ಇತ್ತು. ನಮ್ಮನೆಯವರ ಗಲ್ಲ ಹಿಡಿದು, "ತಮ್ಮಾ, ನಿಮ್ಮವ್ವ ಆರಾಮ ಅದಾಳೇನು?" ಎಂದರು. ಅತ್ತೆಗೆ ಫೋನು ಹಚ್ಚಿದೆವು. ಪರದೆಯ ಆಚೆ ಈಚೆ ಇಬ್ಬರು ಮುದುಕಿಯರೂ ಮೊದಲು ಏನೂ ಆಡಲಿಲ್ಲ, ಬರೀ ಕಣ್ಣೊರೆಸಿಕೊಂಡರು. ಆಮೇಲೆ ಯಾರು ಯಾರು ತೀರಿಕೊಂಡರು, ಯಾರ ಮಗಳು ಎಲ್ಲಿದ್ದಾಳೆ, ಬಾವಿಯ ಹತ್ತಿರದ ಬೇವಿನ ಮರ ಇದೆಯೋ ಇಲ್ಲವೋ ಎಂದು ಒಂದು ತಾಸು ಮಾತು. ಮಗಳು ರೊಟ್ಟಿಯ ಗಂಟು ಬಿಚ್ಚಿ ಕೊಟ್ಟಳು. ಆ ತಾಯಿ ಒಂದು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಪಟಕ್ಕನೆ ಮುರಿದರು. ಆ ಸದ್ದಿಗೆ ಕಣ್ಣು ಮುಚ್ಚಿಕೊಂಡರು. ಹಲ್ಲಿಗೆ ಆಗದೆಂದು ಚೂರನ್ನು ಚಹಾದಲ್ಲಿ ನೆನೆಸಿ ತಿಂದರು.

ಜುಲೈಯಲ್ಲಿ ಒಂದು ವಾರ ಬಾಸೆಲ್. ರೈನ್ ನದಿ ದಾಟಲು ಅಲ್ಲಿ ಎಂಜಿನ್ ಇಲ್ಲದ ದೋಣಿಗಳಿವೆ. ನದಿಗೆ ಅಡ್ಡಲಾಗಿ ದಡದಿಂದ ದಡಕ್ಕೆ ಉಕ್ಕಿನ ಹಗ್ಗ, ಅದಕ್ಕೆ ಕಟ್ಟಿದ ದೋಣಿ. ಅಂಬಿಗ ಚುಕ್ಕಾಣಿ ತಿರುವಿ ದೋಣಿಯನ್ನು ಓರೆಯಾಗಿಸುತ್ತಾನೆ. ಹರಿಯುವ ನೀರೇ ತಳ್ಳಿ ದಾಟಿಸುತ್ತದೆ. ಮಗಳು ನೋಟುಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬಲದ ದಿಕ್ಕು ಬರೆದಳು. ನೇತ್ರಾವತಿಯ ಕಡವಿನಲ್ಲೂ ಹೀಗೆ ಮಾಡಬಹುದಲ್ಲ ಎಂದು ಮಗ ಕೇಳಿದ. ಮಳೆಗಾಲದ ನೇತ್ರಾವತಿಯ ಎದುರು ಹಗ್ಗ ನಿಲ್ಲಬೇಕಲ್ಲ ಎಂದು ಅದೇ ಸಂಜೆಯ ಚರ್ಚೆಯಾಯಿತು.

1815ರಲ್ಲಿ ಹುಟ್ಟಿದ ಮಿಶನ್ನಿನ ದೊಡ್ಡ ಮನೆ ಈಗಲೂ ಮಿಸಿಯೋನ್ಸ್‌ಶ್ಟ್ರಾಸೆಯಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳಾದ ಹೇಬಿಕ್, ಲೇನರ್, ಗ್ರೈನರ್ ಮೂವರನ್ನೂ ಕಳಿಸಿದ್ದು ಈ ಮಿಶನ್ನೇ. ನಮ್ಮ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬವರು 1846ರಲ್ಲಿ ಓದಲು ಬಂದದ್ದೂ ಇದರ ಆಶ್ರಯಕ್ಕೇ. ದಾಖಲೆಗಳ ಕೋಣೆಯಲ್ಲಿ ಹಳೆಯ ಫೋಟೊಗಳನ್ನು ತೋರಿಸಿದರು. ಜೆಪ್ಪುವಿನ ಹಂಚಿನ ಕಾರ್ಖಾನೆ, ನೇಯ್ಗೆ, ಬಲ್ಮಠದ ಗುಡ್ಡ. ಒಂದರಲ್ಲಿ ಬಿಳಿಯ ಅಂಗಿಯ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡ ನಮ್ಮೂರ ಹೆಂಗಸು. ಮಗುವಿನ ಹೆಸರು ಕೆಳಗೆ ಬರೆದಿತ್ತು, ಹೆಂಗಸಿನದು ಇರಲಿಲ್ಲ. ಆ ಮಗು ಮೊದಲು ಆಡಿದ ಮಾತು ಅವಳದೇ ಇದ್ದೀತು. ಅವಳನ್ನು ಬಿಟ್ಟು, ತಾಯಿಯನ್ನೂ ಬಿಟ್ಟು ಈ ಊರಿಗೆ ಬಂದಾಗ ಆ ಮಾತು ಎಷ್ಟು ದಿನ ಉಳಿಯಿತೋ. ನಾನು ಆ ಫೋಟೊದ ಎದುರು ಬಹಳ ಹೊತ್ತು ನಿಂತೆ. ಎತ್ತಿಕೊಂಡವಳ ಜಾಗದಲ್ಲಿ ನಾನೂ ಎರಡು ವರ್ಷ ಇದ್ದೆನಲ್ಲ.

ಅಕ್ಕನ ಮಗ ಅಷ್ಟರಲ್ಲಿ ನಮ್ಮ ಅಡುಗೆಮನೆಯ ಶಾಲೆಗೆ ಸೇರಿಕೊಂಡಿದ್ದ. ತನ್ನ ಶಾಲೆ ಬಿಟ್ಟ ಮೇಲೆ ಬಂದು ಮಗನ ಪಕ್ಕ ಕೂತು ಅ, ಆ ತಿದ್ದುತ್ತಿದ್ದ. ಳಕಾರ ಬರೆಯಲು ಅವನಿಗೆ ಮೂರು ಸಂಜೆ ಹಿಡಿಯಿತು. ಹೊರಡುವಾಗ ಕಾಪಿ ಪುಸ್ತಕ ಅವನಿಗೇ ಇರಲಿ ಎಂದು ಮಗ ಬಿಟ್ಟುಕೊಟ್ಟ.

ಕೊನೆಯ ದಿನ ಸ್ಟುಟ್‌ಗಾರ್ಟ್ ನಿಲ್ದಾಣದಲ್ಲಿ ಪಾಟೀಚೀಲ ಎರಡನ್ನೂ ಅವನೇ ಹೊತ್ತು ತಂದ. ನಾವು ಹತ್ತಿ ಕೂತೆವು. ಬಾಗಿಲು ಮುಚ್ಚುವ ಸದ್ದು ಶುರುವಾದಾಗ ನಾನು ಮತ್ತೆ ಮೆಟ್ಟಿಲ ಹತ್ತಿರ ಬಂದೆ. ಅವನು ಕೈ ಕುಲುಕಲಿಲ್ಲ. ನನ್ನ ಸೆರಗಿನ ತುದಿ ಹಿಡಿದು, ಏಳು ವರ್ಷದ ಮೇಲೆ, ತುಳುವಿನಲ್ಲಿ ಕೇಳಿದ:

"ಚಿಕ್ಕಮ್ಮ, ಏಪ ಬರ್ಪರ್?"