ಎಲ್ಲಿ ನಿಲ್ಲಿಸೋಣ?

ರಾಜಧಾನಿಯಲ್ಲಿ ಮನೆ ಮಾಡಿದವನಿಗೆ ನೆಂಟರಿಂದ ಬಿಡುಗಡೆಯಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ನೆಂಟರು ಬಾರದ ಮನೆ ಬೀಗ ಹಾಕಿದ ಛತ್ರಕ್ಕಿಂತ ಕಡೆ. ಆದರೆ ಹಿಂದಿನ ನೆಂಟರು ಒಂದು ಟ್ರಂಕು, ಒಂದು ಹಲಸಿನ ಹಣ್ಣು ಹಿಡಿದು ರೈಲಿನಿಂದ ಇಳಿಯುತ್ತಿದ್ದರು. ಈಗಿನವರು ಕಾರಿನಲ್ಲಿ ಬರುತ್ತಾರೆ. ಹಲಸಿನ ಹಣ್ಣನ್ನು ಅಡಿಗೆಮನೆಯ ಮೂಲೆಗೆ ಸರಿಸಬಹುದು. ಕಾರನ್ನು ಎಲ್ಲಿಗೆ ಸರಿಸುವುದು? ಬೆಳಗ್ಗೆ ಬೆಂಗಳೂರು ನೋಡಲು ಹೊರಟವರನ್ನು ಸಂಜೆ “ಏನೇನು ನೋಡಿದಿರಿ?” ಎಂದು ಕೇಳಿದರೆ, “ಜಾಗ ನೋಡಿದೆವು, ಸಿಕ್ಕಲಿಲ್ಲ” ಎನ್ನುತ್ತಾರೆ. ಸಿಕ್ಕುವುದಾದರೂ ಹೇಗೆ? ಈ ಊರಿನಲ್ಲಿ ನೋಂದಾಯಿಸಿದ ವಾಹನಗಳೇ ಒಂದು ಕೋಟಿಯನ್ನು ದಾಟಿವೆ. ನಮ್ಮ ನೆಂಟರ ಕಾರು ಕೋಟಿಯ ಮೇಲೊಂದು.

ಆದಕಾರಣ, ಈ ಬೀದಿಗಳಲ್ಲಿ ಮೂವತ್ತು ವರ್ಷ ಚಪ್ಪಲಿ ಸವೆಸಿದವನ ನಾಲ್ಕು ಮಾತುಗಳನ್ನು ಹೊರಡುವ ಮೊದಲು ಕೇಳಿಕೊಳ್ಳಿ.

ಮೊದಲನೆಯದಾಗಿ, ಕಾರನ್ನು ಊರಿನ ಹೆಬ್ಬಾಗಿಲಿನಲ್ಲಿಯೇ ಬಿಟ್ಟುಬಿಡಿ. ತುಮಕೂರು ರಸ್ತೆಯಿಂದ ಬರುವವರಿಗೆ ನಾಗಸಂದ್ರದಲ್ಲಿ, ಪೂರ್ವದ ಕಡೆಯವರಿಗೆ ಬೈಯಪ್ಪನಹಳ್ಳಿಯಲ್ಲಿ, ಮೆಟ್ರೋ ನಿಲ್ದಾಣದ ಮಗ್ಗುಲಲ್ಲೇ ಹಣ ಕೊಟ್ಟು ನಿಲ್ಲಿಸುವ ಏರ್ಪಾಡಿದೆ. 2011ರಲ್ಲಿ ಒಂದು ಸಣ್ಣ ತುಂಡು ದಾರಿಯಾಗಿ ಹುಟ್ಟಿದ ಮೆಟ್ರೋ ಈಗ ಊರನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿಕೊಂಡು ಹೋಗುತ್ತದೆ. ನೇರಳೆ ದಾರಿ, ಹಸಿರು ದಾರಿ ಎರಡೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ ಎಂಬಷ್ಟು ನೆನಪಿದ್ದರೆ ಸಾಕು, ಮಕ್ಕಳೂ ದಾರಿ ತಪ್ಪುವುದಿಲ್ಲ. ಕಾರನ್ನು ಊರೊಳಗೆ ತಂದವರ ಪಾಡು ದೇವಸ್ಥಾನದ ಹೊರಗೆ ಹೊಸ ಚಪ್ಪಲಿ ಬಿಟ್ಟವರ ಪಾಡಿನಂತೆ: ಮಂಗಳಾರತಿಯ ಹೊತ್ತಿಗೂ ಮನಸ್ಸು ಬಾಗಿಲಿನ ಕಡೆಗೇ.

ತಂದೇ ತರುತ್ತೇನೆಂದು ಹಟ ಹಿಡಿದರೆ, ತಾರೀಖು ನೋಡಿಕೊಂಡು ಬನ್ನಿ. ನಮ್ಮ ಹಲವು ಬೀದಿಗಳಲ್ಲಿ ಸಮ ಸಂಖ್ಯೆಯ ದಿನ ಒಂದು ಮಗ್ಗುಲು, ಬೆಸ ಸಂಖ್ಯೆಯ ದಿನ ಇನ್ನೊಂದು ಮಗ್ಗುಲು ನಿಲ್ಲಿಸಬೇಕೆಂಬ ಫಲಕವಿರುತ್ತದೆ. ಹಿಂದೆ ಪ್ರಯಾಣಕ್ಕೆ ಪಂಚಾಂಗ ನೋಡುತ್ತಿದ್ದರು. ಈಗ ಪ್ರಯಾಣ ನಿಲ್ಲಿಸುವುದಕ್ಕೆ ನೋಡಬೇಕು. ತಿಂಗಳ 31ರ ಮರುದಿನ 1, ಎರಡೂ ಬೆಸ. ಇಂಥ ಜೋಡಿ ಶುಭದಿನಗಳು ವರ್ಷಕ್ಕೆ ಕೆಲವೇ ಬರುತ್ತವೆ.

ಲಾಲ್‌ಬಾಗಿಗೆ ಕಾರಿನಲ್ಲಿ ಬರುವವರು ಡಬಲ್ ರೋಡಿನ ಬಾಗಿಲಿಗೆ ಬರಬೇಕು. ಅಲ್ಲಿ ನಿಲ್ಲಿಸಲು ಎಡೆಯಿದೆ. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಆ ಆಸೆಯೂ ಬೇಡ. ಆಗ ಶಾಂತಿನಗರದ ಬಸ್ಸು ನಿಲ್ದಾಣದ ಅಂತಸ್ತುಗಳಲ್ಲಿ ಕಾರು ಬಿಟ್ಟು ನಡೆಯುವುದೇ ಮೇಲು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ಎಲ್ಲರೂ ನೋಡುತ್ತಾರೆ. ನೀವು ಅಲ್ಲಿಂದ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೂ ಹತ್ತಿ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಬಂಡೆ ಅದು. ಅಷ್ಟು ಕಾಲದಿಂದ ಒಂದೇ ಕಡೆ ನಿಂತಿದ್ದರೂ ಇದುವರೆಗೆ ದಂಡ ತೆರದ ಭಾಗ್ಯಶಾಲಿ ಈ ಊರಿನಲ್ಲಿ ಅದೊಂದೇ.

ಇನ್ನು ವಿಧಾನಸೌಧ. ನನ್ನ ಸೋದರತ್ತೆಗೆ ಅದನ್ನು ನೋಡುವ ಆಸೆ ಬಹಳ ಕಾಲದ್ದು. 1956ರಲ್ಲಿ ಕಟ್ಟಡ ಮುಗಿದಾಗ ಯಜಮಾನರು ಒಬ್ಬರೇ ಬಂದು ನೋಡಿ ಹೋಗಿ, “ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ” ಎಂದಿದ್ದರಂತೆ. ಆ ಮಾತು ಅವರೊಂದಿಗೇ ಹೋಯಿತು. ಎಂಬತ್ತು ದಾಟಿದ ಮೇಲೆ ಅತ್ತೆಯನ್ನು ಮೊಮ್ಮಕ್ಕಳು ಎರಡು ಸಲ ಕಾರಿನಲ್ಲಿ ಆ ಬೀದಿಯಲ್ಲಿ ಹಾಯಿಸಿದರು. “ಎಲ್ಲಿ, ಎಲ್ಲಿ?” ಎಂದು ಅವರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನ ಗಾಡಿಯವನು ಹಾರನ್ನು ಒತ್ತುತ್ತಿದ್ದ. ಎರಡು ಸಲವೂ ಅವರು ಕಂಡದ್ದು ಕಂಬಗಳ ಓಟ.

ಮೂರನೆಯ ಸಲ, ಒಂದು ಭಾನುವಾರ, ನಾನು ಅವರನ್ನು ಮೆಟ್ರೋದಲ್ಲಿ ಕರೆದೊಯ್ದೆ. ಆ ದಿನ ಕಬ್ಬನ್ ಪಾರ್ಕಿನೊಳಗೆ ವಾಹನಗಳನ್ನು ಬಿಡುವುದಿಲ್ಲ. ಮರದಿಂದ ಮರಕ್ಕೆ ಕೂತು, ಎದ್ದು, ಕೆಂಪು ಬಣ್ಣದ ಅಠಾರಾ ಕಚೇರಿಯ ಪಕ್ಕದಲ್ಲಿ ಬಳಸಿಕೊಂಡು ಬೀದಿಗೆ ಬಂದೆವು. ಅತ್ತೆ ನನ್ನ ತೋಳು ಹಿಡಿದು ನಿಂತರು. ಹಾರನ್ನಿನ ಕಾಟವಿಲ್ಲ, ಹತ್ತು ನಿಮಿಷ ಕಣ್ಣು ತುಂಬ ನೋಡಿದರು. ಹಣೆಯ ಮೇಲಿನ “ಸರ್ಕಾರದ ಕೆಲಸ ದೇವರ ಕೆಲಸ” ಎಂಬ ಅಕ್ಷರಗಳನ್ನು ನಾನು ಓದಿ ಹೇಳಿದೆ. “ದೇವರ ಕೆಲಸವಾದರೆ ಭಾನುವಾರ ಯಾಕಪ್ಪ ಬಾಗಿಲು ಹಾಕಿದ್ದಾರೆ?” ಎಂದರು. ಆಮೇಲೆ ಮೆಲ್ಲಗೆ, “ಅವರು ಹೇಳಿದ್ದಕ್ಕಿಂತ ದೊಡ್ಡದಾಗಿದೆ” ಎಂದರು. ಮರುವರ್ಷ ಅತ್ತೆಯೂ ಹೋದರು. ಒಬ್ಬ ಮುದುಕಿ ಹತ್ತು ನಿಮಿಷ ನಿಲ್ಲುವುದಕ್ಕೆ ಬೇಕಾದದ್ದು ಎರಡಡಿ ನೆಲ. ಕಾರಿನಲ್ಲಿದ್ದಾಗ ಅಷ್ಟೂ ಸಿಕ್ಕಿರಲಿಲ್ಲ.

ಕಡೆಯದಾಗಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯುವಾಗ ಕಾಲಕೆಳಗಿನ ನೆಲವನ್ನೂ ಸ್ವಲ್ಪ ನೆನೆಯಿರಿ. ಅದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ; ಕರಗದ ಪೂಜೆಗೆಂದು ಅಲ್ಲೊಂದು ಪುಟ್ಟ ಕೊಳ ಮಾತ್ರ ಉಳಿದಿದೆ. ನಮ್ಮ ಹಿರಿಯರು ನೀರು ನಿಲ್ಲುವುದಕ್ಕೆ ಜಾಗ ಮಾಡಿದರು. ನಾವು ಅದನ್ನು ಎಬ್ಬಿಸಿ ಗಾಡಿಗಳನ್ನು ನಿಲ್ಲಿಸಿದೆವು. ಮಳೆಗಾಲದಲ್ಲಿ ಅದು ಹಳೆಯ ವಿಳಾಸ ಹುಡುಕಿಕೊಂಡು ಬಂದು ನಡುಬೀದಿಯಲ್ಲೇ ನಿಂತುಬಿಡುತ್ತದೆ. ಸಮವೋ ಬೆಸವೋ, ಅದು ಫಲಕ ಓದುವುದಿಲ್ಲ.