ಕಾಗದಕ್ಕೊಂದು ದುಂಡನೆ ತೂತು

ಗುಂಡು ಅಂದ ತಕ್ಷಣ ಎಲ್ಲರೂ ಚೂಪು ಮೂತಿ ಊಹಿಸ್ಕೋತಾರೆ. ನನ್ನ ಏರ್ ಪಿಸ್ತೂಲಿಗೆ ಹಾಕೋ ವ್ಯಾಡ್‌ಕಟರ್ ಸೀಸದ ಗುಂಡಿನ ಮೂತಿ ಚಪ್ಪಟೆ. ಚೂಪು ಗುಂಡು ಕಾಗದ ಹರಿಯುತ್ತೆ. ಇದು ಆಫೀಸಿನ ಪಂಚಿಂಗ್ ಮಷೀನ್ ಥರ ದುಂಡಗೆ ಕತ್ತರಿಸುತ್ತೆ. ತೂತಿನ ಅಂಚು ಒಳವೃತ್ತದ ಗೆರೆ ಮುಟ್ಟಿದರೂ ಸಾಕು, ಹೆಚ್ಚಿನ ಅಂಕವೇ ಸಿಗುತ್ತೆ. ಹಾಗಾಗಿ ಅಂಚು ಸ್ಪಷ್ಟವಾಗಿರಬೇಕು. ದೊಡ್ಡ ಸ್ಪರ್ಧೆಗಳಿಗೆ ಎಲೆಕ್ಟ್ರಾನಿಕ್ ಟಾರ್ಗೆಟ್ ಬಂದಿದೆ. ನನ್ನ ಅಭ್ಯಾಸ ಇನ್ನೂ ಕಾಗದದ ಮೇಲೆಯೇ.

ದೂರ 10 ಮೀಟರ್. ಗುಂಡು 4.5 ಮಿ.ಮೀ., ತೂಕ ಅರ್ಧ ಗ್ರಾಂ ಆಸುಪಾಸು. ಪಿಸ್ತೂಲಿಗೆ ಹತ್ತು ಅಂಕದ ವೃತ್ತ 11.5 ಮಿ.ಮೀ.; ರೈಫಲ್‌ಗೆ ಬರೀ ಅರ್ಧ ಮಿ.ಮೀ. ಚುಕ್ಕೆ!

ಒಂದೇ ಡಬ್ಬಿಯ ಗುಂಡುಗಳಲ್ಲೂ ತೂಕ ಚೂರು ಆಚೀಚೆ ಇರುತ್ತೆ. ಭಾನುವಾರ ಪುಟ್ಟ ಡಿಜಿಟಲ್ ತಕ್ಕಡಿ ಹಿಡಿದು ಕೂತು ತೂಕದ ಪ್ರಕಾರ ಬೇರೆ ಮಾಡ್ತೀನಿ. ಹಿಂಬದಿಯ ತೆಳು ಅಂಚು ಜಜ್ಜಿದ್ದರೆ ಪಕ್ಕಕ್ಕೆ. ನಿಜ ಹೇಳಬೇಕಂದ್ರೆ, ನನ್ನ ಕೈ ನಡುಕದ ಮುಂದೆ ಆ ವ್ಯತ್ಯಾಸ ಏನೇನೂ ಅಲ್ಲ. ಆದರೂ ಗುರಿ ತಪ್ಪಿದಾಗ ಗುಂಡಿನ ಮೇಲೆ ಗೂಬೆ ಕೂರಿಸೋಕಾಗಲ್ಲ ಅನ್ನೋದೇ ಲಾಭ.

ನಮ್ಮೂರು ಸಿಂಧನೂರಿನ ಆರ್.ಎಚ್. ಕ್ಯಾಂಪ್. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಕೊಟ್ಟ ನೆಲೆ. ಮನೆಯೊಳಗೆ ಬಂಗಾಳಿ, ಹೊರಗೆ ಕನ್ನಡ, ಕಾಲುವೆಗೆ ನೀರು ಬಂದರೆ ಭತ್ತ. ಎರಡನೇ ಬೆಳೆಗೆ ನೀರು ಸಿಗದ ವರ್ಷ ಬಾಬಾ ಫೋನಲ್ಲಿ ಕೇಳಿದರು: "ಕಾಗದಕ್ಕೆ ತೂತು ಹಾಕೋಕೆ ತಿಂಗಳಿಗೆ ಎಷ್ಟಾಗುತ್ತಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲವು ತಿಂಗಳು ರೇಂಜಿನ ಫೀಸು ಊರಿಗೆ ಹೋಯಿತು.

ಬೆಂಗಳೂರಿನ ಪ್ರಕಾಶ್ ನಂಜಪ್ಪ ನನ್ನ ಹಾಗೇ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು. 2013ರ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದರು. ನಾನು ಪದಕ ಗೆಲ್ಲಲ್ಲ, ಗೊತ್ತು. ದಿನವಿಡೀ ಪಿಂಗುಟ್ಟುವ ತಲೆ ಆ ಹತ್ತು ಸೆಕೆಂಡು ಸುಮ್ಮನಾಗುತ್ತೆ. ಇದನ್ನು ಬಾಬಾಗೆ ಹೇಗೆ ಹೇಳೋದು?

ಹೇಳಬೇಕಾಗಲೇ ಇಲ್ಲ. ಬೆಂಗಳೂರಿಗೆ ಬಂದಿದ್ದಾಗ ನಾನು ಗುಂಡು ತೂಗೋದನ್ನ ನೋಡ್ತಾ ಕೂತಿದ್ದವರು, "ಬಿತ್ತನೆ ಭತ್ತ ಉಪ್ಪುನೀರಿಗೆ ಹಾಕಿ ತೇಲಿದ್ದನ್ನ ತೆಗೀತೀವಲ್ಲ, ಇದೂ ಹಾಗೇನಾ?" ಅಂದರು. ಹೂಂ ಅಂದೆ. ತಾವೂ ಒಂದು ಡಬ್ಬಿ ಎಳಕೊಂಡರು. ಮುಗಿದ ಮೇಲೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆದ್ವಿ. ಸೀಸ ವಿಷ, ಮನೇಲಿ ಪುಟ್ಟ ಮಗು ಇದೆ.

ಈಗ ಫೋನಲ್ಲಿ ನಾನು ಕಾಲುವೆಗೆ ನೀರು ಬಂತಾ ಅಂತ ಕೇಳ್ತೀನಿ. ಅವರು, ಹತ್ತು ಎಷ್ಟು ಬಿತ್ತು ಅಂತ.