ಹಸಿರು ಗುಂಡಿ

ನನ್ನ ತಮ್ಮನ ಮಗಳು ದೀಪಾವಳಿ ರಜೆಗೆ ಬಂದಾಗ ಬಟ್ಟೆಯ ಬ್ಯಾಗನ್ನು ಬಸ್ಸಿನಲ್ಲಿ ಎಲ್ಲೋ ತುರುಕಿ, ಒಂದು ಕಪ್ಪು ಡಬ್ಬಿಯನ್ನು ಮಾತ್ರ ಹಗರಿಬೊಮ್ಮನಹಳ್ಳಿಯಿಂದ ಹಂಪಸಾಗರದವರೆಗೆ ತೊಡೆಯಿಂದ ಇಳಿಸದೆ ತಂದಳು. ಪಕ್ಕದ ಸೀಟಿನ ಮುದುಕಿ ‘ಒಳಗ ದೇವರೈತೇನವ್ವಾ?’ ಎಂದು ಕೇಳಿದಳಂತೆ. ಮನಶ್ಶಾಸ್ತ್ರದ ಪ್ರಯೋಗ ಎಂದರೇನೆಂದು ಆ ಕುಲುಕಾಟದಲ್ಲಿ ಯಾರು ವಿವರಿಸುತ್ತಾರೆ, ಇವಳು ‘ಹೂಂ’ ಅಂದಿದ್ದಾಳೆ. ಮುದುಕಿ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಇಳಿಯುವಾಗ ಎರಡು ರೂಪಾಯಿ ಅದರ ಮೇಲಿಟ್ಟು ಹೋಗಿದ್ದಾಳೆ. ‘ನನ್ನ ರಿಸರ್ಚಿಗೆ ಬಂದ ಮೊದಲನೇ ಗ್ರಾಂಟು ದೊಡ್ಡಪ್ಪ’ ಎಂದು ನಾಣ್ಯ ತೋರಿಸಿದಳು.

ಡಬ್ಬಿ ನಮ್ಮವ್ವನ ಎಲೆಅಡಿಕೆ ಡಬ್ಬಿಗಿಂತ ತುಸು ದೊಡ್ಡದು. ಮೇಲೆ ಕೆಂಪು, ಹಳದಿ, ನೀಲಿ, ಹಸಿರು ನಾಲ್ಕು ಗುಂಡಿ. ಹಿಂದುಗಡೆ ಎರಡು ವೈರು. ಒಂದು ಲ್ಯಾಪ್‌ಟಾಪಿಗೆ, ಇನ್ನೊಂದರ ತುದಿಯಲ್ಲಿ ಕಡಲೆಬೇಳೆಯಷ್ಟು ಗಾತ್ರದ ಬೆಳಕಿನ ಕಣ್ಣು. ಇಷ್ಟೇ. ಎಂಬತ್ತಾರರ ಅವ್ವ ಕ್ರಯ ವಿಚಾರಿಸಿದಳು. ಕೇಳಿ ದಂಗಾದಳು.

‘ಅಯ್ಯ, ಗಬ್ಬದ ಎಮ್ಮಿ ಬರ್ತಿತ್ತಲ್ಲ ತಂಗಿ. ಇದೇನ್ ಹಾಲು ಕೊಡ್ತೈತಾ?’

‘ಮಿಲಿಸೆಕೆಂಡ್ ಕೊಡ್ತೈತಜ್ಜಿ.’

‘ಎಷ್ಟ್ ಲೀಟರು?’

ಹುಡುಗಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ವಯಸ್ಸಾದಂತೆ ಮನುಷ್ಯ ಎಷ್ಟು ನಿಧಾನವಾಗುತ್ತಾನೆ ಎನ್ನುವುದು ಅವಳ ವಿಷಯ. ಬೆಂಗಳೂರಿನ ಮುದುಕರೆಲ್ಲ ವಾಕಿಂಗ್ ಶೂ ಹಾಕಿಕೊಂಡು ಚುರುಕಾಗಿಬಿಟ್ಟಿದ್ದಾರಂತೆ. ಹಳ್ಳಿಯ ಮುದುಕರು ಬೇಕಾಗಿದ್ದರು. ತುಂಗಭದ್ರೆಯ ಹಿನ್ನೀರಿನ ದಂಡೆಯ ನಮ್ಮೂರಿನಲ್ಲಿ ಮಳೆಗೆ ಬರ ಬಂದೀತು, ಕಟ್ಟೆಯ ಮೇಲಿನ ಮುದುಕರಿಗೆ ಬಂದದ್ದಿಲ್ಲ.

ನಾನು ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಮೊಹರು ಹೊಡೆದವನು. ನನಗೆ ಹತ್ತಿದ ಸಂಶಯ ಒಂದೇ. ‘ಲ್ಯಾಪ್‌ಟಾಪಿಗೇ ಅಷ್ಟೊಂದು ಗುಂಡಿ ಇದಾವಲ್ಲ, ಈ ಎಮ್ಮೆ ಯಾಕೆ ಬೇಕಿತ್ತು?’

ಅವಳು ಹೇಳಿದ್ದು ಇದು. ಕೀಬೋರ್ಡಿನ ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಸಾಮಾನ್ಯ ಯುಎಸ್‌ಬಿ ಕೀಬೋರ್ಡಾದರೆ ಕಂಪ್ಯೂಟರು ಸೆಕೆಂಡಿಗೆ 125 ಸಲ ಬಂದು ‘ಏನಾದರೂ ಇದೆಯಾ’ ಎಂದು ವಿಚಾರಿಸಿಕೊಂಡು ಹೋಗುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಅದು ಬೆನ್ನು ತಿರುಗಿಸಿದ ಮೇಲೆ ಒತ್ತಿದರೆ ಮುಂದಿನ ಸರದಿಗೆ ಕಾಯಬೇಕು. ಸಾಲದ್ದಕ್ಕೆ ಗುಂಡಿಯೊಳಗಿನ ತಗಡುಗಳು ಒಂದಕ್ಕೊಂದು ತಾಗುವಾಗ ಪುಟಿಯುತ್ತವೆ. ಒಂದು ಒತ್ತು ನಾಲ್ಕೈದು ಒತ್ತಿನ ಹಾಗೆ ಕಾಣುತ್ತದೆ. ಆದ್ದರಿಂದ ಕೀಬೋರ್ಡು ಕೆಲವು ಮಿಲಿಸೆಕೆಂಡು ಸುಮ್ಮನಿದ್ದು, ಇದು ಖರೇ ಒತ್ತೇ ಹೌದು ಎಂದು ಖಾತ್ರಿಯಾದ ಮೇಲೆ ವರದಿ ಒಪ್ಪಿಸುತ್ತದೆ. ಪ್ರತಿ ಸಲವೂ ಇಷ್ಟೇ ತಡ ಎಂದಿದ್ದರೆ ಲೆಕ್ಕದಲ್ಲಿ ಕಳೆದುಬಿಡಬಹುದಿತ್ತು. ತಡ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ, ಅದೇ ತಲೆನೋವು. ಇವಳು ಹುಡುಕುತ್ತಿರುವ ವ್ಯತ್ಯಾಸವೇ ಕೆಲವು ಕಡೆ ಇಪ್ಪತ್ತು ಮಿಲಿಸೆಕೆಂಡು.

ನನಗೆ ಥಟ್ಟನೆ ಅರ್ಥವಾಯಿತು. ಗೋಡೆಯ ಕೆಂಪು ಡಬ್ಬಿಯನ್ನು ಪೋಸ್ಟ್‌ಮ್ಯಾನ್ ಬಿಚ್ಚಿಕೊಂಡು ಹೋದ ಮೇಲೆ ಕಾಗದ ಹಾಕಿದರೆ ಅದು ಮರುದಿನದವರೆಗೆ ಅಲ್ಲೇ ಬಿದ್ದಿರುತ್ತದೆ. ಮೊಹರಿನಲ್ಲಿ ಬೀಳುವುದು ಬಿಚ್ಚಿದ ತಾರೀಖು, ಹಾಕಿದ ತಾರೀಖಲ್ಲ. ಈ ಕಪ್ಪು ಡಬ್ಬಿಯ ಹೊಟ್ಟೆಯಲ್ಲೇ ಒಂದು ಗಡಿಯಾರವಿದೆ. ಬೆರಳು ಬಿದ್ದ ಜಾಗದಲ್ಲೇ ಮೊಹರು ಬೀಳುತ್ತದೆ. ಆಮೇಲೆ ಕಾಗದ ಕಂಪ್ಯೂಟರಿಗೆ ಯಾವಾಗಲಾದರೂ ಮುಟ್ಟಲಿ, ತಾರೀಖು ಸುಳ್ಳಾಗುವುದಿಲ್ಲ. ‘ಥೇಟ್ ಅದೇ ದೊಡ್ಡಪ್ಪ!’ ಎಂದಳು. ನಿವೃತ್ತಿಯ ನಂತರ ನನ್ನ ವೃತ್ತಿಗೆ ಸಿಕ್ಕ ಮೊದಲ ಮರ್ಯಾದೆ.

ಪರದೆಯದೂ ಇದೇ ಹಣೆಬರಹ. ಅದು ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ, ಅದೂ ಗೋಡೆಗೆ ಸುಣ್ಣ ಬಳಿದ ಹಾಗೆ ಮೇಲಿನಿಂದ ಕೆಳಕ್ಕೆ. ಒಂದು ಬಳಿತಕ್ಕೆ ಸುಮಾರು 16.7 ಮಿಲಿಸೆಕೆಂಡು. ‘ಚೌಕ ತೋರಿಸು’ ಎಂದು ಕಂಪ್ಯೂಟರು ಹುಕುಂ ಕೊಟ್ಟ ಹೊತ್ತೇ ಬೇರೆ, ಚೌಕ ಬೆಳಗಿದ ಹೊತ್ತೇ ಬೇರೆ. ಅದಕ್ಕೇ ಆ ಕಡಲೆಬೇಳೆ ಕಣ್ಣು. ಪರದೆಯ ಮೂಲೆಗೆ ಅದನ್ನು ಕಪ್ಪು ಟೇಪಿನಿಂದ ದೃಷ್ಟಿಬೊಟ್ಟಿನ ಹಾಗೆ ಅಂಟಿಸಿದಳು. ಬೆಳಕು ಬಂದದ್ದಕ್ಕೆ ಅದು ಸಾಕ್ಷಿ, ಬೆರಳು ಬಿದ್ದದ್ದಕ್ಕೆ ಗುಂಡಿ ಸಾಕ್ಷಿ. ಎರಡರ ನಡುವಿನ ತೆರಪಿನಲ್ಲಿ ಮನುಷ್ಯ ಇದ್ದಾನೆ.

ಈ ತೆರಪಿಗೆ ಮೊದಲು ಬಲಿಯಾದವನು ನನ್ನಂಥ ಒಬ್ಬ ನೌಕರ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದ. ಗಡಿಯಾರದ ಟಿಕ್‌ಟಿಕ್ ಎಣಿಸುತ್ತ, ದೂರದರ್ಶಕದ ಎಳೆಯನ್ನು ನಕ್ಷತ್ರ ದಾಟಿದ ಹೊತ್ತು ಬರೆಯುವುದು ಅವನ ಕೆಲಸ. ಅವನ ಲೆಕ್ಕ ಸಾಹೇಬ ಮ್ಯಾಸ್ಕೆಲಿನ್‌ನ ಲೆಕ್ಕಕ್ಕಿಂತ ಹೆಚ್ಚುಕಮ್ಮಿ 0.8 ಸೆಕೆಂಡು ಹಿಂದೆ ಬೀಳತೊಡಗಿತು. 1796ರಲ್ಲಿ ಅವನನ್ನು ಮನೆಗೆ ಕಳಿಸಿದರು. ಒಬ್ಬೊಬ್ಬರ ಕಣ್ಣು ಕಿವಿಗೆ ಒಂದೊಂದು ತಡ ಇದ್ದೇ ಇರುತ್ತದೆ, ಸಾಹೇಬನಿಗೂ ಇರುತ್ತದೆ ಎಂದು ಜರ್ಮನಿಯ ಬೆಸೆಲ್ ಎಂಬ ಖಗೋಳಜ್ಞ ತೋರಿಸುವ ಹೊತ್ತಿಗೆ ಕಿನ್ನೆಬ್ರೂಕ್ ಸತ್ತು ಎಷ್ಟೋ ಕಾಲವಾಗಿತ್ತು. ನಮ್ಮ ಇಲಾಖೆಯಲ್ಲಾದರೆ ಮೊದಲು ಒಂದು ಮೆಮೊ ಬರುತ್ತಿತ್ತು, ಆಮೇಲೆ ಯೂನಿಯನ್ನಿನವರು ಬರುತ್ತಿದ್ದರು.

ಆಮೇಲೆ ಹಿಪ್ ಎಂಬಾತ ಒಂದು ಯಂತ್ರ ಮಾಡಿದ. ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಲೋಹದ ನಾಲಗೆ ಅದರೊಳಗೆ ಜೀರುಂಡೆಯ ಹಾಗೆ ಗುಂಯ್‌ಗುಡುತ್ತಿತ್ತು. ಮುಳ್ಳು ಸೆಕೆಂಡಿನ ಸಾವಿರದಲ್ಲೊಂದು ಭಾಗ ತೋರಿಸುತ್ತಿತ್ತು. ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಶಾಲೆ ತೆರೆದಾಗ ಅಲ್ಲಿಯ ಕೆಲಸಕ್ಕೂ ಇದೇ ಯಂತ್ರ. ನಮ್ಮ ಕಡೆಗೆ ಈ ವಿದ್ಯೆ ತಂದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಆದರೆ ನಾಡು ಅವರನ್ನು ನೆನೆಯುವುದು ಅದಕ್ಕಲ್ಲ; 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ್ದಕ್ಕೆ. ಆ ನಿಲಯದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಮನಸ್ಸು ಅಳೆಯುವ ಮೇಷ್ಟ್ರಿಗೆ ರೇಡಿಯೋ ಹುಚ್ಚು ಯಾಕೆ ಹಿಡಿಯಿತೋ. ಎದುರಿಗೆ ಕಾಣದವರು ತನ್ನ ಮಾತಿಗೆ ಏನನ್ನುತ್ತಾರೋ ಎಂದು ಕಾಯುವ ಹುಚ್ಚೇ ಇರಬೇಕು. ಅಂಚೆಯವನಿಗೆ ಆ ಹುಚ್ಚು ಗೊತ್ತು.

ಅದೇ 1935ರಲ್ಲಿ ಅಮೆರಿಕದ ಸ್ಟ್ರೂಪ್ ಎಂಬಾತ ಹೊರತಂದ ತಂಟೆಗೆ ನಾನು ಮರುದಿನ ಬೆಳಗ್ಗೆ ಬಲಿಯಾದೆ. ಪರದೆಯ ಮೇಲೆ ‘ಕೆಂಪು’ ಎಂಬ ಅಕ್ಷರ ಹಸಿರು ಬಣ್ಣದಲ್ಲಿ ಬರುತ್ತದೆ. ಅಕ್ಷರ ಬಿಡಬೇಕು, ಬಣ್ಣಕ್ಕೆ ಗುಂಡಿ ಒತ್ತಬೇಕು. ಸುಲಭ ಅನ್ನಿಸಿತಲ್ಲವೇ? ಮೂವತ್ತೈದು ವರ್ಷ ವಿಳಾಸ ಓದಿದ ಕಣ್ಣಿಗೆ ಅಕ್ಷರ ಬಿಡು ಎಂದರೆ ಬಿಡುತ್ತದೆಯೇ? ಬೆರಳು ಕೆಂಪಿಗೆ ಹೊರಡುತ್ತದೆ, ದಾರಿಯಲ್ಲಿ ನೆನಪಾಗಿ ಹಸಿರಿಗೆ ಹೊರಳುತ್ತದೆ, ಅಷ್ಟರಲ್ಲಿ ಮುಂದಿನದು ಬಂದು ಕೂತಿರುತ್ತದೆ. ಬೆವರಿ ಎದ್ದೆ. ನಮ್ಮ ಅಗಸೆ ಕಟ್ಟೆಯ ಗೆಳೆಯನೊಬ್ಬ ಶಾಲೆಯ ಮುಖ ನೋಡಿದವನಲ್ಲ. ಅಕ್ಷರದ ಉಪದ್ರವವೇ ಇಲ್ಲದ ಅವನು ಬೀಡಿ ಕಚ್ಚಿಕೊಂಡೇ ನನ್ನನ್ನು ಸೋಲಿಸಿದ. ಅವನ ಅಂಕಿಯನ್ನು ಆ ಪರೀಕ್ಷೆಗೆ ಹಿಡಿಯುವಂತಿಲ್ಲ ಎಂದು ಹುಡುಗಿ ನನಗೆ ಸಮಾಧಾನ ಹೇಳಿದಳು. ಅವನಿಗೆ ಹೇಳಲಿಲ್ಲ.

ಮೂರು ದಿನ ನಮ್ಮ ಪಡಸಾಲೆ ತುಂಬಿತ್ತು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರೆಲ್ಲ ಪಿಂಚಣಿ ಎಷ್ಟು ಜಾಸ್ತಿ ಆಗುತ್ತದೆ ಎಂದು ಕೇಳಿದರು. ‘ರೆಡಿ’ ಅಂದ ಮೇಲೆ ಚೌಕ ತಕ್ಷಣ ಬರುವುದಿಲ್ಲ. ಒಮ್ಮೆ ಒಂದು ಸೆಕೆಂಡಿಗೆ, ಒಮ್ಮೆ ಮೂರಕ್ಕೆ. ಯಾವಾಗ ಎಂದು ಗೊತ್ತಾಗಬಾರದು, ಅದೇ ಪ್ರಯೋಗದ ಮರ್ಮ. ಆ ಹೊತ್ತಿನಲ್ಲಿ ಪಡಸಾಲೆ ಪೂರ್ತಿ ಉಸಿರು ಹಿಡಿದುಕೊಂಡಿರುತ್ತಿತ್ತು. ನನಗೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನೆನಪಾಗುತ್ತಿತ್ತು. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದಾಗ ಲಕ್ಷಗಟ್ಟಲೆ ಜನ ಗಪ್‌ಚಿಪ್ ಆಗುತ್ತಾರಲ್ಲ, ಅದೇ ಮೌನ. ಒಂದೇ ಮಾತು ಆಡಿ ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಹಿಡಿಯುವ ಆ ಕೈಗಳ ಚುರುಕನ್ನು ಯಾವ ಡಬ್ಬಿಯೂ ಅಳೆದಿಲ್ಲ. ಆ ಒಂದು ಮಾತಿನ ಅರ್ಥ ಮಳೆಗೋ ಬೆಳೆಗೋ ರಾಜಕೀಯಕ್ಕೋ ಎಂದು ತಿಳಿಯಲು ಮಾತ್ರ ನಮ್ಮ ಕಡೆಯವರಿಗೆ ಒಂದು ವರ್ಷ ಬೇಕು.

ಮೂರನೆಯ ರಾತ್ರಿ ಊಟವಾದ ಮೇಲೆ ಹುಡುಗಿ ಅಂಕಿಗಳನ್ನು ಕೇರುತ್ತ ಕೂತಿದ್ದಳು. ಅಕ್ಕಿ ಆರಿಸಿದಂತೆಯೇ. ಎರಡು ಸೆಕೆಂಡು ದಾಟಿದ್ದನ್ನು ಕಲ್ಲು ಎಂದು ಆಚೆಗೆ ಹಾಕುತ್ತಾಳೆ; ಒತ್ತುವವರು ಕೆಮ್ಮಿದ್ದಿರಬೇಕು, ಇಲ್ಲ ಸೊಸೆಯ ಸುದ್ದಿ ನೆನಪಾಗಿರಬೇಕು. ಆದರೆ 100 ಮಿಲಿಸೆಕೆಂಡಿಗಿಂತ ಬೇಗ ಒತ್ತಿದ್ದನ್ನೂ ಆಚೆಗೆ ಹಾಕಿದಳು.

‘ಅಷ್ಟು ಚಲೋ ಒತ್ತಿದವನನ್ನು ಯಾಕವ್ವ?’

‘ಬೆಳಕು ಕಣ್ಣಿಗೆ ಬಿದ್ದು, ಬೆರಳಿಗೆ ಸುದ್ದಿ ಮುಟ್ಟೋಕೆ ಅಷ್ಟು ಹೊತ್ತಾದರೂ ಬೇಕೇ ಬೇಕು ದೊಡ್ಡಪ್ಪ. ಅದಕ್ಕಿಂತ ಬೇಗ ಅಂದರೆ ನೋಡಿ ಒತ್ತಿದ್ದಲ್ಲ, ಊಹೆ ಮೇಲೆ ಒತ್ತಿದ್ದು. ಓಟದಲ್ಲೂ ಹಂಗೇ, ಪಿಸ್ತೂಲ್ ಸದ್ದಾಗಿ 0.1 ಸೆಕೆಂಡಿನೊಳಗೆ ಹೊರಟರೆ ಫೌಲು.’

ಹಾಗಾದರೆ ಅಪ್ಪನೂ ಫೌಲು ಎಂದುಕೊಂಡೆ.

ನಮ್ಮ ಹೊಲದ ಗುಡಿಸಲಿನಲ್ಲಿ ಒಂದು ಬಲ್ಬು ತೂಗುತ್ತಿತ್ತು. ಓದುವುದಕ್ಕಲ್ಲ, ಉಣ್ಣುವುದಕ್ಕೂ ಅಲ್ಲ. ಪಂಪ್‌ಸೆಟ್ಟಿನ ಲೈನಿಗೆ ಕರೆಂಟ್ ಬಂತು ಎಂದು ಹೇಳುವುದಷ್ಟೇ ಅದರ ಕೆಲಸ. ಕರೆಂಟು ರಾತ್ರಿ ಒಂದಕ್ಕೆ ಬರಬಹುದು, ಮೂರಕ್ಕೆ ಬರಬಹುದು, ಬಾರದೆಯೂ ಇರಬಹುದು. ಬಲ್ಬು ಹೊತ್ತಿದ ಕೂಡಲೇ ಎದ್ದು ಸ್ಟಾರ್ಟರಿನ ಹಸಿರು ಗುಂಡಿ ಒತ್ತಬೇಕು. ತಡವಾದಷ್ಟು ನೀರು ಕಮ್ಮಿ. ಬೇಸಿಗೆ ರಜೆಯಲ್ಲಿ ನಾನು ಅಪ್ಪನ ಮಗ್ಗುಲಲ್ಲಿ ಮಲಗುತ್ತಿದ್ದೆ. ಬಲ್ಬಿನ ಬೆಳಕಿಗೆ ನಾನು ಕಣ್ಣು ಬಿಡುವಷ್ಟರಲ್ಲಿ ಸ್ಟಾರ್ಟರು ‘ಢಬ್’ ಅಂದು ಮೋಟರು ಗುಂಯ್‌ಗುಡುತ್ತಿತ್ತು. ಇಷ್ಟು ಬೇಗ ಹೆಂಗ ಏಳ್ತಾನ ಈ ಮನುಷ್ಯ ಎಂದು ಒಂದು ರಾತ್ರಿ ನಿದ್ದೆಗೆಟ್ಟು ನೋಡಿದೆ. ಕತ್ತಲೆ. ಅಪ್ಪ ಎದ್ದ. ಕಂಬಳಿ ಸರಿಸಿ, ಚಪ್ಪಲಿಗಾಗಿ ಕಾಲಾಡಿಸಿ, ಸ್ಟಾರ್ಟರಿನ ಪೆಟ್ಟಿಗೆ ತೆಗೆದು, ಹಸಿರು ಗುಂಡಿಯ ಮೇಲೆ ಬೆರಳಿಟ್ಟು ನಿಂತ. ಬಲ್ಬು ಇನ್ನೂ ಹೊತ್ತಿರಲಿಲ್ಲ. ಹೊರಗೆ ಜೀರುಂಡೆ. ಆಮೇಲೆ ಹೊತ್ತಿತು.

‘ನಿನಗ ಹೆಂಗ ಗೊತ್ತಾಗ್ತೈತಪ್ಪಾ?’

‘ಗೊತ್ತಾಗ್ತೈತಿ.’

ಹಾಗೆ ನಿಂತ ಎಷ್ಟೋ ರಾತ್ರಿ ಕರೆಂಟು ಬರಲೇ ಇಲ್ಲ ಎಂದು ಅವ್ವ ಆಮೇಲೆ ಹೇಳಿದಳು. ಮೆಕ್ಕೆಜೋಳಕ್ಕೆ ನೀರು ಕಟ್ಟುವ ದಿನಗಳಲ್ಲಿ ಅವಳೂ ಹೋಗುತ್ತಿದ್ದಳು. ಅಪ್ಪ ದೂರದಲ್ಲಿ ಪೈಪಿನ ಬಾಯಿಯ ಹತ್ತಿರ, ಸನಿಕೆ ಹಿಡಿದು. ಅವ್ವ ಸ್ಟಾರ್ಟರಿನ ಹತ್ತಿರ. ಬಲ್ಬು ಹೊತ್ತಿದರೆ ಗುಂಡಿ ಒತ್ತಿ ಕತ್ತಲಿಗೆ ಕೂಗುತ್ತಿದ್ದಳು, ‘ನೀರು ಬಿತ್ತೇನ್ರೀ?’ ತುಸು ಹೊತ್ತಿಗೆ ಆಚೆಯಿಂದ ‘ಹೂಂ’ ಬರುತ್ತಿತ್ತು. ಮುಂದೆ ಆಟೋ ಸ್ಟಾರ್ಟರು ಬಂತು. ಕರೆಂಟು ತಾನೇ ಬರುತ್ತದೆ, ಮೋಟರು ತಾನೇ ಹೊರಡುತ್ತದೆ. ಅಪ್ಪ ಆಮೇಲೂ ರಾತ್ರಿ ಎದ್ದು ಕೂರುತ್ತಿದ್ದ, ಕೈ ಎಲ್ಲಿಡಬೇಕು ತಿಳಿಯದೆ.

‘ಅಜ್ಜನ ಡೇಟಾ ಪೂರ್ತಿ ತೆಗೆದುಹಾಕಬೇಕಾಗ್ತಿತ್ತು’ ಎಂದಳು ಹುಡುಗಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ’ ಅಂದಳು.

ಉಳಿದವಳು ಅವ್ವ ಒಬ್ಬಳೇ. ಎರಡು ದಿನ ತಪ್ಪಿಸಿಕೊಂಡಿದ್ದಳು, ಆ ರಾತ್ರಿ ಹಿಡಿದು ಕೂರಿಸಿದೆವು. ಚೌಕ ಬಂದ ಕೂಡಲೇ ಒತ್ತಬೇಕು ಎಂದು ಅವಳ ತೋರುಬೆರಳನ್ನು ಹುಡುಗಿ ಹಸಿರು ಗುಂಡಿಯ ಮೇಲಿಟ್ಟಳು. ಚೌಕ ಬಂತು. ಅವ್ವ ನೋಡಿದಳು. ಚೌಕ ಹೋಯಿತು.

‘ಅಜ್ಜಿ, ಒತ್ತಬೇಕಿತ್ತು.’

‘ಬಂತಲ್ಲ, ನೋಡಿದ್ನೆಲ್ಲ. ಇನ್ನ ಯಾಕ ಒತ್ತಬೇಕು?’

ನಲವತ್ತರಲ್ಲಿ ಆರು ಸಲ ಒತ್ತಿದಳು, ಅದೂ ನಾನು ಮೊಣಕೈ ತಿವಿದಾಗ. ಹುಡುಗಿ ಸೋತು, ಇನ್ನೊಂದೇ ಸುತ್ತು ಎಂದಳು. ಆ ಸುತ್ತಿನ ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ತನ್ನ ಪಾಡಿಗೆ ಚೌಕಗಳನ್ನು ತೋರಿಸುತ್ತಲೇ ಇತ್ತು. ಆ ನೀಲಿ ಬೆಳಕಿನಲ್ಲಿ ಅವ್ವ ಅಲುಗಾಡದೆ ಕೂತಿದ್ದಳು. ಬೆರಳು ಗುಂಡಿಯ ಮೇಲೆಯೇ. ಚೌಕ ಬಂತು, ಹೋಯಿತು, ಬಂತು, ಹೋಯಿತು. ತೂಕಡಿಸುತ್ತಿದ್ದಾಳೆ ಅಂದುಕೊಂಡೆವು.

ತೊಲೆಯ ಬಲ್ಬು ಫಕ್ಕನೆ ಹೊತ್ತಿತು. ಅದಕ್ಕಿಂತ ಮೊದಲೋ, ಅದರ ಜೊತೆಗೋ, ಅವ್ವನ ಬೆರಳು ಹಸಿರು ಗುಂಡಿಯನ್ನು ಗಟ್ಟಿಯಾಗಿ ಅದುಮಿತು.

ಡಬ್ಬಿ ಅದಕ್ಕೂ ಮೊಹರು ಹೊಡೆಯಿತು. ಫೈಲಿನಲ್ಲಿ ಒಂದು ಸಾಲು ಬಂದು ಕೂತಿತು: ಯಾವ ಚೌಕಕ್ಕೂ ಸೇರದ ಒಂದು ಒತ್ತು. ಎಷ್ಟು ಮಿಲಿಸೆಕೆಂಡಿನದು ಎಂದು ಹೇಳುವ ಹಾಗಿಲ್ಲ. ಕಡಲೆಬೇಳೆ ಕಣ್ಣು ಪರದೆಯನ್ನು ನೋಡುತ್ತಿತ್ತು, ಬಲ್ಬನ್ನಲ್ಲ. ಹುಡುಗಿಯ ಕೈ ಅಳಿಸುವ ಗುಂಡಿಯತ್ತ ಹೋಗಿ ನಿಂತಿತು.

ಅವ್ವ ನಮ್ಮ ಕಡೆ ನೋಡಲಿಲ್ಲ. ತೆರೆದ ಹಿತ್ತಿಲ ಬಾಗಿಲ ಕತ್ತಲಿಗೆ ಮುಖ ಮಾಡಿ ಕೂಗಿದಳು:

‘ನೀರು ಬಿತ್ತೇನ್ರೀ?’